ಅಡಿಕೆಗೆ ಹೋದ ಮಾನ



ಈ ದತ್ತಿ ಉಪನ್ಯಾಸಕ್ಕೆ ಕರೆದ ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ಕಾನೂನಿನ ಸಭೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಅಪರಾಧಗಳ ಮಾತು ನಡೆಯುತ್ತದೆ. ನಾನು ಬೇಕೆಂದೇ ಸಣ್ಣ ತಪ್ಪುಗಳನ್ನು ಹಿಡಿದುಕೊಂಡು ಬಂದಿದ್ದೇನೆ. ರಸ್ತೆ ಮೂಲೆಯಲ್ಲಿ ಕಸದ ಚೀಲ ಎಸೆದವರು, ಏಕಮುಖ ರಸ್ತೆಯಲ್ಲಿ ಎದುರಿನಿಂದ ಬಂದವರು, ಬಯಲಿಗೆ ಚೊಂಬು ಹಿಡಿದು ಹೋದವರು, ಕುಡಿದು ಬಸ್ ನಿಲ್ದಾಣದಲ್ಲಿ ಕೂಗಾಡಿದವರು. ಇವರ ಮುಖ, ಹೆಸರು, ಮನೆಗಳನ್ನು ಊರಿಗೆಲ್ಲ ತೋರಿಸಬಹುದೇ? ತೋರಿಸುವ ಅಧಿಕಾರ ಯಾರದು? ಒಮ್ಮೆ ತೋರಿಸಿದ ಮೇಲೆ ಅದು ಮುಗಿಯುವುದು ಯಾವಾಗ? ಇಂದಿನ ಮಾತು ಇಷ್ಟರೊಳಗೇ ಇರುತ್ತದೆ.

ಏನನ್ನು ಹೇಳುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಅಧಿಕಾರದಲ್ಲಿರುವವರ ಲಂಚ, ದೊಡ್ಡ ಕಂಪನಿಗಳ ಮೋಸ, ಬಲಾಢ್ಯರ ದೌರ್ಜನ್ಯವನ್ನು ಬಯಲಿಗೆ ತರುವುದು ಪತ್ರಿಕೆಯ ಕೆಲಸ, ನಾಗರಿಕರ ಹಕ್ಕು. ಅದಕ್ಕೂ ಇದಕ್ಕೂ ಗಂಟು ಹಾಕಬಾರದು. ನನ್ನ ಕಾಳಜಿ ಇರುವುದು ತಪ್ಪು ಸಣ್ಣದಾಗಿ, ತಪ್ಪಿತಸ್ಥ ಸಾಮಾನ್ಯನಾಗಿ, ತೋರಿಸುವವರ ಕೈ ಮಾತ್ರ ದೊಡ್ಡದಾಗಿರುವ ಸಂದರ್ಭಗಳ ಬಗ್ಗೆ.

ನಮ್ಮ ರಾಜಧಾನಿಯಿಂದಲೇ ಶುರು ಮಾಡೋಣ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಘನತ್ಯಾಜ್ಯ ನಿರ್ವಹಣಾ ಕಂಪನಿ ‘ಕಸ ಸುರಿಯುವ ಹಬ್ಬ’ ಎಂಬ ಹೆಸರಿನಲ್ಲಿ ಒಂದು ಕಾರ್ಯಾಚರಣೆ ನಡೆಸಿತು. ರಸ್ತೆಯಲ್ಲಿ ಕಸ ಎಸೆಯುವವರನ್ನು ಮಾರ್ಷಲ್‌ಗಳು ವಿಡಿಯೊ ಮಾಡಿಕೊಳ್ಳುವುದು, ಮನೆ ಪತ್ತೆ ಹಚ್ಚುವುದು, ಕಸವನ್ನು ಅದೇ ಮನೆಯ ಬಾಗಿಲಿಗೆ ತಂದು ಸುರಿಯುವುದು, ಮೇಲೆ ದಂಡ ವಿಧಿಸುವುದು. ಕಸ ಎಸೆಯುವವರ ವಿಡಿಯೊ ಕಳಿಸಿದ ಸಾರ್ವಜನಿಕರಿಗೆ 250 ರೂಪಾಯಿ ಬಹುಮಾನ ಕೊಡುವ ಮಾತೂ ಬಂತು. ಆ ದೃಶ್ಯಗಳು ಟಿವಿಯಲ್ಲೂ ಮೊಬೈಲ್‌ಗಳಲ್ಲೂ ಹರಿದಾಡಿದವು. ಬಹಳ ಜನ ಚಪ್ಪಾಳೆ ತಟ್ಟಿದರು. ದಿನವೂ ಮೂಗು ಮುಚ್ಚಿಕೊಂಡು ಆ ಮೂಲೆ ದಾಟುವವರಿಗೆ ಸಿಟ್ಟಿರುವುದು ಸಹಜ. ಆ ಚಪ್ಪಾಳೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಆದರೆ ಇಂಥ ವಿಡಿಯೊವನ್ನು ಒಮ್ಮೆ ನಿಧಾನವಾಗಿ ನೋಡಿ. ಚೌಕಟ್ಟಿನೊಳಗೆ ಏನೇನು ಬರುತ್ತದೆ? ಗೇಟಿನ ಬಣ್ಣ, ಗೋಡೆಯ ಮೇಲಿನ ಮನೆ ಸಂಖ್ಯೆ, ನಿಲ್ಲಿಸಿದ ಸ್ಕೂಟರಿನ ನೋಂದಣಿ ಫಲಕ, ಬಾಗಿಲ ಮುಂದಿನ ರಂಗೋಲಿ, ಏನಾಯಿತೆಂದು ಗೊತ್ತಾಗದೆ ಒದ್ದೆ ಕೈಯಲ್ಲೇ ಹೊರಗೆ ಬಂದ ಮುದುಕಿ, ಸೆರಗಿನ ಹಿಂದೆ ಇಣುಕುವ ಮಗು. ಕಸ ಎಸೆದವನು ಬಹುಶಃ ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾನೆ. ಮನೆ ಬಾಡಿಗೆಯದಾದರೆ ಕೆಳಗಿನ ಮನೆಯ ಮಾಲೀಕನ ಬಾಗಿಲೂ ಅದೇ. ದಂಡದ ರಸೀದಿಯಲ್ಲಿ ಒಬ್ಬನ ಹೆಸರಿದ್ದರೆ ವಿಡಿಯೊದಲ್ಲಿ ಇಡೀ ಸಂಸಾರವಿದೆ. ಆ ಮಗು ಮರುದಿನ ಶಾಲೆಗೆ ಹೋಗಬೇಕು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕ್ಯಾಮೆರಾಗೆ ಸಿಗುವವರು ಯಾರು? ದೊಡ್ಡ ಅಪಾರ್ಟ್‌ಮೆಂಟುಗಳ ಕಸವನ್ನು ಒಯ್ಯಲು ಬೇರೆ ಗುತ್ತಿಗೆದಾರರಿದ್ದಾರೆ. ಆ ಕಸ ಎಲ್ಲಿಗೆ ಹೋಗಿ ಬೀಳುತ್ತದೆಂದು ನಿವಾಸಿಗಳೂ ನೋಡುವುದಿಲ್ಲ, ಕ್ಯಾಮೆರಾವೂ ನೋಡುವುದಿಲ್ಲ. ಬೆಳಿಗ್ಗೆ ಆಟೊ ಟಿಪ್ಪರ್ ಬರುವ ಹೊತ್ತಿಗೆ ಮನೆಯಲ್ಲಿರದ ರಾತ್ರಿ ಪಾಳಿಯವನು, ವಠಾರದ ಬಾಡಿಗೆದಾರ, ಹ್ಯಾಂಡಲ್‌ಗೆ ಚೀಲ ತೂಗುಹಾಕಿಕೊಂಡು ಹೊರಟ ದ್ವಿಚಕ್ರ ಸವಾರ, ಇವರು ಸಿಗುತ್ತಾರೆ. ತಪ್ಪು ಅವರದಲ್ಲ ಎಂದು ನಾನು ಹೇಳುತ್ತಿಲ್ಲ. ಬೀದಿಯಲ್ಲಿ ಹೆಚ್ಚು ಹೊತ್ತು ಕಳೆಯುವವರ ತಪ್ಪು ಮಾತ್ರ ಬೀದಿಗೆ ಕಾಣುತ್ತದೆ, ಅಷ್ಟೆ.

ಈಗ ಎರಡನೆಯ ಸಂಗತಿಗೆ ಬರುತ್ತೇನೆ: ಶಿಕ್ಷೆಯ ಅಳತೆ.

ಭಾರತೀಯ ದಂಡ ಸಂಹಿತೆಯ 510ನೆಯ ಕಲಂ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ತೊಂದರೆ ಕೊಟ್ಟವನಿಗೆ ಗರಿಷ್ಠ 24 ಗಂಟೆಗಳ ಸೆರೆ, ಇಲ್ಲವೇ 10 ರೂಪಾಯಿ ದಂಡ, ಇಲ್ಲವೇ ಎರಡೂ. ಈಗಿನ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮಿನಲ್ಲಿ ದಂಡ 1,000 ರೂಪಾಯಿಗೆ ಏರಿದೆ, ಆದರೆ 24 ಗಂಟೆ 24 ಗಂಟೆಯಾಗಿಯೇ ಉಳಿದಿದೆ. ವಸಾಹತು ಕಾಲದ ಕಠಿಣ ಕಾನೂನು ಕೂಡ ಕುಡುಕನ ತಪ್ಪನ್ನು ಗಂಟೆಗಳಲ್ಲಿ ಅಳೆದಿತ್ತು. ಅದೇ ಕುಡುಕ ನಿಲ್ದಾಣದಲ್ಲಿ ಬಟ್ಟೆಯ ಪರಿವೆಯಿಲ್ಲದೆ ಬಿದ್ದಿರುವ ವಿಡಿಯೊ ಇಂದು ಹತ್ತು ವರ್ಷದ ಮೇಲೂ ಸಿಗುತ್ತದೆ. ಅವನು ಕುಡಿತ ಬಿಟ್ಟು ಮಗಳಿಗೆ ಗಂಡು ಹುಡುಕುತ್ತಿರುವ ಕಾಲಕ್ಕೂ ಸಿಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಮ್ಮ ಹಿರಿಯರು ತಪ್ಪು ಮಾಡುವವನಿಗೆ ಎಚ್ಚರಿಕೆಯಾಗಿ ಹೇಳುತ್ತಿದ್ದರು. ಇಂದು ಅದನ್ನು ಶಿಕ್ಷೆ ಕೊಡುವವರಿಗೂ ಹೇಳಬೇಕಾಗಿದೆ.

ನಮ್ಮ ಹಳ್ಳಿಗಳಲ್ಲಿ ಮಾನ ತೆಗೆಯುವ ಶಿಕ್ಷೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿದ್ದೂ ಇತ್ತು, ಬೆಂಕಿ-ನೀರು ಕೊಡದ ಬಹಿಷ್ಕಾರವೂ ಇತ್ತು. ಅದನ್ನು ಹೊಗಳಲು ನಾನು ತಯಾರಿಲ್ಲ. ಅದರ ಏಟು ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ, ಕೆಳಜಾತಿಯವರ ಮೇಲೆ. ನೆರೆಯ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಆದರೂ ಆ ಹಳೆಯ ವ್ಯವಸ್ಥೆಯ ಒಂದು ಅಂಶವನ್ನು ಹೇಳಬೇಕು. ಅಲ್ಲಿ ತಪ್ಪುಕಾಣಿಕೆ ಎಂಬುದಿತ್ತು. ದೇವರ ಮುಂದೆ ಕಾಣಿಕೆ ಹಾಕಿ, ಅಡ್ಡಬಿದ್ದು, ಊರವರಿಗೆ ಒಂದು ಊಟ ಹಾಕಿಸಿದರೆ ಮಾತು ಮುಗಿಯುತ್ತಿತ್ತು. ಮತ್ತೆ ಎತ್ತುವವನೇ ತಪ್ಪಿತಸ್ಥನಾಗುತ್ತಿದ್ದ. ಬೈದವರಿಗೆ ಅವನ ಒಳ್ಳೆಯ ಗುಣವೂ ಗೊತ್ತಿತ್ತು, ಅವನ ತಂದೆಯ ಉಪಕಾರವೂ ನೆನಪಿತ್ತು. ಇಂದು ಬೀದರಿನ ಯುವಕನೊಬ್ಬನ ಹದಿನೈದು ಸೆಕೆಂಡಿನ ತಪ್ಪನ್ನು ನೋಡಿ ಉಗಿಯುವ ಮಂಗಳೂರಿನವರಿಗೆ ಆ ಹದಿನೈದು ಸೆಕೆಂಡಿನ ಆಚೆ ಅವನ ಬಗ್ಗೆ ಏನೂ ಗೊತ್ತಿಲ್ಲ. ಕಾಣಿಕೆ ಹಾಕಲು ಅವನಿಗೆ ಗುಡಿಯೂ ಇಲ್ಲ.

ಮಾನ ತೆಗೆಯುವ ಶಿಕ್ಷೆ ನಮ್ಮಲ್ಲಷ್ಟೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಕಳ್ಳರನ್ನೂ ಮೋಸಗಾರರನ್ನೂ ಕುತ್ತಿಗೆ-ಕೈ ಸಿಕ್ಕಿಸುವ ಮರದ ಕಂಬಕ್ಕೆ ನಿಲ್ಲಿಸುತ್ತಿದ್ದರು. 1703ರಲ್ಲಿ ಲೇಖಕ ಡೇನಿಯಲ್ ಡಿಫೋನನ್ನು ಒಂದು ಕರಪತ್ರಕ್ಕಾಗಿ ಹಾಗೆ ನಿಲ್ಲಿಸಿದಾಗ ಜನ ಅವನ ಪರವಾಗಿ ನಿಂತರು, ಹೂವು ಎಸೆದರೆಂಬ ಕಥೆಯೂ ಇದೆ. ಬೇರೆ ಕೆಲವರು ಅದೇ ಕಂಬದಲ್ಲಿ ಕಲ್ಲೇಟಿಗೆ ಸತ್ತರು. ಕೋರ್ಟಿನ ಆದೇಶ ಒಂದೇ; ಶಿಕ್ಷೆ ಎಷ್ಟೆಂದು ಬರೆದದ್ದು ಅಂದು ನೆರೆದ ಗುಂಪು. 1837ರಲ್ಲಿ ಇಂಗ್ಲೆಂಡ್ ಆ ಕಂಬವನ್ನು ಪೂರ್ತಿ ಕಿತ್ತುಹಾಕಿತು. ಅಮೆರಿಕದ ಕಾನೂನು ಇತಿಹಾಸಕಾರ ಜೇಮ್ಸ್ ವಿಟ್‌ಮನ್ 1998ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೂ ಇದೇ: ಅವಮಾನದ ಶಿಕ್ಷೆ ಕೊಡುವ ಸರ್ಕಾರ ತನ್ನ ದಂಡಾಧಿಕಾರವನ್ನು ಗುಂಪಿನ ಕೈಗೆ ಒಪ್ಪಿಸಿಬಿಡುತ್ತದೆ. ಈ ಒಂದು ಮಾತನ್ನು ನಮ್ಮ ನಗರಸಭೆಗಳ ಆಯುಕ್ತರು ಓದಿಕೊಂಡರೆ ಸಾಕು ಎನಿಸುತ್ತದೆ ನನಗೆ.

ಮೂರನೆಯದಾಗಿ, ನನ್ನ ವಿಷಯದ ನಡುಮನೆಗೆ ಬರುತ್ತೇನೆ: ಖಾಸಗಿತನ. ಇಲ್ಲಿ ಪ್ರತಿ ಸಲವೂ ಕೇಳಿಬರುವ ಆಕ್ಷೇಪ ಒಂದೇ. ‘ಅವನು ನಡುಬೀದಿಯಲ್ಲಿ ಮಾಡಿದ್ದಾನೆ, ಬೀದಿಯಲ್ಲಿ ಎಂಥ ಖಾಸಗಿತನ?’

ಇದಕ್ಕೆ ಉತ್ತರ ಕೊಟ್ಟ ಮೊಕದ್ದಮೆಯ ಹೆಸರಿನಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ ಪ್ರಶ್ನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಸಾರ್ವಜನಿಕ ಸ್ಥಳದಲ್ಲಿ ಕಾಲಿಟ್ಟ ಮಾತ್ರಕ್ಕೆ ಯಾರೂ ಆ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂಬುದನ್ನೂ ಆ ತೀರ್ಪು ಸ್ಪಷ್ಟಪಡಿಸಿತು. ಸರ್ಕಾರ ಈ ಹಕ್ಕಿನ ಮೇಲೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಬೀದಿಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೂ ನಾಲ್ಕು ಲಕ್ಷ ಜನರ ಮೊಬೈಲಿಗೆ ಬೀಳುವುದಕ್ಕೂ ಇರುವ ಅಂತರವನ್ನು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2003ರಲ್ಲೇ ಗುರುತಿಸಿತ್ತು. ಆ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂಗ್ಲೆಂಡಿನ ಬ್ರೆಂಟ್‌ವುಡ್ ಎಂಬ ಊರು, 1995ರ ಆಗಸ್ಟ್ ತಿಂಗಳ ಒಂದು ರಾತ್ರಿ. ತೀವ್ರ ಖಿನ್ನತೆಯಲ್ಲಿದ್ದ ಒಬ್ಬ ವ್ಯಕ್ತಿ ಅಡುಗೆಮನೆಯ ಚಾಕು ಹಿಡಿದು ಮುಖ್ಯರಸ್ತೆಯಲ್ಲಿ ನಡೆದು ಹೋದ. ಪ್ರಾಣ ಕಳೆದುಕೊಳ್ಳುವ ಪ್ರಯತ್ನ ಮಾಡಿದ. ನಗರಸಭೆಯ ಸಿಸಿಟಿವಿ ನೋಡುತ್ತಿದ್ದವರು ಪೊಲೀಸರಿಗೆ ಹೇಳಿದರು, ಪೊಲೀಸರು ಬಂದರು, ಅವನು ಉಳಿದ. ಅಲ್ಲಿಯವರೆಗೆ ಕ್ಯಾಮೆರಾ ಮಾಡಿದ್ದು ಒಳ್ಳೆಯ ಕೆಲಸವೇ. ಆಮೇಲೆ ನಗರಸಭೆ ತನ್ನ ಕ್ಯಾಮೆರಾಗಳ ಯಶಸ್ಸನ್ನು ಸಾರಲು ಆ ಚಿತ್ರಗಳನ್ನು ಪತ್ರಿಕೆಗಳಿಗೂ ಟಿವಿಗೂ ಕೊಟ್ಟಿತು. ಮುಖ ಸರಿಯಾಗಿ ಮರೆಮಾಡಿರಲಿಲ್ಲ. ನೆರೆಹೊರೆಯವರು, ಬಂಧುಗಳು ಗುರುತಿಸಿದರು. ಅವನ ಮೇಲೆ ಯಾವ ಅಪರಾಧದ ಆರೋಪವೂ ಇರಲಿಲ್ಲ. ಜನ ನೋಡಿದ್ದು ಮಾತ್ರ ಚಾಕು ಹಿಡಿದ ಪುಂಡನನ್ನು. ಬ್ರಿಟನ್ನಿನ ನ್ಯಾಯಾಲಯದಲ್ಲಿ ಸೋತ ಅವನಿಗೆ ಸ್ಟ್ರಾಸ್‌ಬರ್ಗ್‌ನಲ್ಲಿರುವ ಈ ಯೂರೋಪಿನ ನ್ಯಾಯಾಲಯದಲ್ಲಿ ನ್ಯಾಯ ಸಿಕ್ಕಿತು. ಅಂದು ರಾತ್ರಿ ಆ ರಸ್ತೆಯಲ್ಲಿ ಹೋಗುತ್ತಿದ್ದವರು ನೋಡಬಹುದಾಗಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರಿಗೆ ಅವನನ್ನು ತೋರಿಸಲಾಗಿದೆ ಎಂಬುದೇ ಆ ತೀರ್ಪಿನ ತಿರುಳು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಪ್ರಕರಣ ಲಖನೌದ್ದು. 2020ರ ಮಾರ್ಚ್‌ನಲ್ಲಿ ಅಲ್ಲಿನ ಆಡಳಿತ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಹಾನಿ ವಸೂಲಿಗೆಂದು ಆರೋಪಿಗಳ ಹೆಸರು, ವಿಳಾಸ, ಭಾವಚಿತ್ರಗಳ ದೊಡ್ಡ ಫಲಕಗಳನ್ನು ವೃತ್ತಗಳಲ್ಲಿ ನಿಲ್ಲಿಸಿತು. ಆರೋಪ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ವಿಧಾನ ಇದೇ. ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಗೋವಿಂದ ಮಾಥುರ್ ಅವರ ಪೀಠ ಸ್ವಯಂಪ್ರೇರಿತವಾಗಿ, ಭಾನುವಾರವೇ ಕೂತು ವಿಚಾರಣೆ ನಡೆಸಿ, ಮರುದಿನ ಫಲಕಗಳನ್ನು ತೆಗೆಯಲು ಆದೇಶಿಸಿತು. ಹೀಗೆ ಫಲಕ ಹಾಕಲು ಯಾವ ಕಾನೂನಿನಲ್ಲಿ ಅಧಿಕಾರವಿದೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ. ಸುಪ್ರೀಂ ಕೋರ್ಟ್ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

ಅದೇ ತಿಂಗಳು ನಮ್ಮ ಕಡೆ ಕೊರೊನಾ ಬಂತು. ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು. ಕಾಯಿಲೆ ಅಪರಾಧವಲ್ಲ, ಆದರೆ ಪಟ್ಟಿ ವಾಟ್ಸ್‌ಆ್ಯಪ್‌ಗೆ ಬಂದ ಮೇಲೆ ಬೀದಿಯವರು ಅಪರಾಧಿಗಳಂತೆಯೇ ನೋಡಿದರು. ಬಾಗಿಲಿಗೆ ಹೀಗೆ ಭಿತ್ತಿಪತ್ರ ಅಂಟಿಸುವಂತಿಲ್ಲ, ಅಧಿಕಾರವುಳ್ಳ ಪ್ರಾಧಿಕಾರ ನಿರ್ದಿಷ್ಟ ಪ್ರಕರಣದಲ್ಲಿ ಹೇಳಿದರೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು.

ಮುಖ ಗುರುತಿಸುವ ಯಂತ್ರ ಬಂದ ಮೇಲೆ ಈ ಅವಮಾನದ ಶಿಕ್ಷೆ ಎಲ್ಲಿಗೆ ಹೋಗುತ್ತದೆಂದು ನೋಡಬೇಕಾದರೆ ಚೀನಾದ ಕಡೆ ಒಮ್ಮೆ ತಿರುಗಬೇಕು. ಅಲ್ಲಿನ ಕೆಲವು ನಗರಗಳಲ್ಲಿ ಕೆಂಪು ದೀಪ ಇರುವಾಗ ರಸ್ತೆ ದಾಟಿದವರ ಮುಖವನ್ನು ಕ್ಯಾಮೆರಾ ಗುರುತಿಸಿ ವೃತ್ತದ ಪರದೆಯ ಮೇಲೆ ತೋರಿಸುತ್ತದೆ. 2018ರ ನವೆಂಬರಿನಲ್ಲಿ ನಿಂಗ್ಬೊ ನಗರದ ಪರದೆಯ ಮೇಲೆ ಪ್ರಸಿದ್ಧ ಉದ್ಯಮಿ ಡಾಂಗ್ ಮಿಂಗ್‌ಝು ಅವರ ಮುಖ ಬಂತು. ಅವರು ರಸ್ತೆಯನ್ನೇ ದಾಟಿರಲಿಲ್ಲ. ಹಾದುಹೋದ ಬಸ್ಸಿನ ಮೇಲಿನ ಜಾಹೀರಾತಿನಲ್ಲಿ ಅವರ ಚಿತ್ರವಿತ್ತು! ಅವರು ಪ್ರಸಿದ್ಧರಾದ್ದರಿಂದ ಇದು ನಗೆಯ ಸುದ್ದಿಯಾಯಿತು, ಪೊಲೀಸರು ತಿದ್ದಿಕೊಂಡರು. ಹೆಸರಿಲ್ಲದವರ ಮುಖ ಹೀಗೆ ತಪ್ಪಾಗಿ ಬಂದಿದ್ದರೆ ಯಾರು ತಿದ್ದುತ್ತಿದ್ದರು? 2020ರ ಜನವರಿಯಲ್ಲಿ ಆನ್ಹುಯಿ ಪ್ರಾಂತದ ಸುಝೋ ನಗರದ ಅಧಿಕಾರಿಗಳು ಪೈಜಾಮ ತೊಟ್ಟು ಬೀದಿಗೆ ಬಂದ ಏಳು ಜನರ ಚಿತ್ರ, ಹೆಸರುಗಳನ್ನು ‘ಅಸಭ್ಯ ನಡತೆ’ ಎಂದು ಪ್ರಕಟಿಸಿದರು. ಜನ ತಿರುಗಿ ಬಿದ್ದ ಮೇಲೆ ಕ್ಷಮೆ ಕೇಳಿದರು. ಲುಂಗಿ, ನೈಟಿಯಲ್ಲಿ ಹಾಲಿನ ಬೂತಿಗೆ ಹೋಗಿಬರುವ ನಮ್ಮೂರುಗಳ ಗತಿ ಅಲ್ಲಿ ಏನಾಗುತ್ತಿತ್ತೋ!

ಸರ್ಕಾರವೇ ಮಾಡಬೇಕೆಂದಿಲ್ಲ, ಜನರೂ ಮಾಡುತ್ತಾರೆ. 2005ರಲ್ಲಿ ದಕ್ಷಿಣ ಕೊರಿಯಾದ ಸೋಲ್ ಮೆಟ್ರೊದಲ್ಲಿ ತನ್ನ ನಾಯಿ ಮಾಡಿದ ಹೇಸಿಗೆಯನ್ನು ಬಳಿಯಲು ಒಪ್ಪದ ಯುವತಿಯೊಬ್ಬಳ ಚಿತ್ರ ಅಂತರ್ಜಾಲಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ಅವಳು ಯಾರೆಂದು ಜನ ಪತ್ತೆ ಮಾಡಿದರು, ಬೆನ್ನು ಹತ್ತಿದರು. ಅವಳು ವಿಶ್ವವಿದ್ಯಾಲಯವನ್ನೇ ಬಿಟ್ಟಳೆಂದು ವರದಿಗಳು ಹೇಳಿದವು. ಖಾಸಗಿತನದ ಅಧ್ಯಯನ ಮಾಡಿದ ಡೇನಿಯಲ್ ಸೊಲೊವ್ 2007ರ ತಮ್ಮ ಪುಸ್ತಕದಲ್ಲಿ ಈ ಪ್ರಕರಣವನ್ನು ಚರ್ಚಿಸಿದ್ದಾರೆ. ನಾಯಿಯ ಹೇಸಿಗೆಗೆ ಒಂದು ಬಕೆಟ್ ನೀರು ಸಾಕಿತ್ತು.

ಇನ್ನು ಕೊನೆಯ ಭಾಗ. ‘ಹಾಗಾದರೆ ಏನು ಮಾಡಬೇಕು? ದಂಡಕ್ಕೆ ಹೆದರುವುದಿಲ್ಲ, ಬುದ್ಧಿ ಹೇಳಿದರೆ ಕೇಳುವುದಿಲ್ಲ, ಮರ್ಯಾದೆಗಾದರೂ ಅಂಜಲಿ’ ಎನ್ನುವವರಿದ್ದಾರೆ. ಇದು ಪ್ರಾಮಾಣಿಕವಾದ ಮಾತು, ತಳ್ಳಿಹಾಕಲು ಆಗುವುದಿಲ್ಲ. ನಾಚಿಕೆ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ 1989ರಲ್ಲಿ ಇದನ್ನೇ ವಿಸ್ತಾರವಾಗಿ ವಾದಿಸಿದರು. ಆದರೆ ಅವರು ನಾಚಿಕೆಯಲ್ಲಿ ಎರಡು ಬಗೆ ಕಂಡರು. ತನ್ನವರ ನಡುವೆ ಕೂರಿಸಿ, ತಪ್ಪನ್ನು ಒಪ್ಪಿಸಿ, ಮತ್ತೆ ಒಳಗೆ ಕರೆದುಕೊಳ್ಳುವುದು ಒಂದು. ಹಣೆಪಟ್ಟಿ ಹಚ್ಚಿ ಹೊರಗೆ ದಬ್ಬುವುದು ಇನ್ನೊಂದು. ಎರಡನೆಯದು ಅಪರಾಧವನ್ನು ಹೆಚ್ಚಿಸುತ್ತದೆ ಎಂಬುದು ಅವರ ವಾದ. ಹೊರಗೆ ಹೋದವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ನಾಚಿಕೆಯನ್ನು ಸರ್ಕಾರಿ ಸಾಧನ ಮಾಡಿಕೊಂಡ ಪ್ರಯೋಗವನ್ನು ನಾವು ಬಯಲು ಶೌಚದ ವಿಷಯದಲ್ಲಿ ನೋಡಿದ್ದೇವೆ. ಶೀಟಿ ಊದುವುದು, ಹಾರ ಹಾಕುವುದು, ಫೋಟೊ ತೆಗೆಯುವುದು ದೇಶದ ಹಲವು ಕಡೆ ನಡೆಯಿತು. 2017ರ ಜೂನ್‌ನಲ್ಲಿ ರಾಜಸ್ಥಾನದ ಪ್ರತಾಪಗಢದಲ್ಲಿ ಹೆಂಗಸರ ಫೋಟೊ ತೆಗೆಯುವುದನ್ನು ತಡೆಯಲು ಹೋದವರೊಬ್ಬರು ಪ್ರಾಣ ಕಳೆದುಕೊಂಡರು. ನಗರಸಭೆ ಸಿಬ್ಬಂದಿ ಹೊಡೆದರೆಂದು ಕುಟುಂಬದವರು, ಹೊಡೆದಿಲ್ಲವೆಂದು ಅಧಿಕಾರಿಗಳು. ಅದು ಹೇಗೇ ಇರಲಿ, ಬಯಲಿಗೆ ಹೋದ ಹೆಣ್ಣಿನ ಮೇಲೆ ಮೊಬೈಲ್ ಹಿಡಿಯುವುದು ಸ್ವಚ್ಛತೆಯ ಕೆಲಸ ಎಂದು ಯಾವ ಆಡಳಿತಕ್ಕೂ ಅನಿಸಬಾರದಿತ್ತು.

ಇಲ್ಲಿರುವ ಕಾನೂನು ವಿದ್ಯಾರ್ಥಿಗಳ ಗಮನಕ್ಕೆ ಎರಡು ಕಲಮುಗಳನ್ನು ತರುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮಿನಂತೆ, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಡಿಜಿಟಲ್ ರೂಪದಲ್ಲೂ ಆಗಬಹುದು. ಇಂಥ ಪ್ರದರ್ಶನದ ಬೇರು ಇರುವುದು ಬಂಧಿತನ ರಕ್ಷಣೆಯಲ್ಲಿ. ಪೊಲೀಸರು ಗುಟ್ಟಾಗಿ ಕೂಡಿಹಾಕಬಾರದು, ಮನೆಯವರಿಗೆ ತಿಳಿಯಬೇಕು. ಠಾಣೆಯ ಗೋಡೆಯ ಹಲಗೆಯ ಮೇಲೆ ಇರುವವರೆಗೆ ಅದು ರಕ್ಷಣೆಯೇ. ಯಾರು ಬೇಕಾದರೂ ಹುಡುಕಬಹುದಾದ, ಎಂದೂ ಅಳಿಸದ ಜಾಲತಾಣದ ಪುಟಕ್ಕೆ ಏರಿದರೆ ಅದೇ ಕಲಂ ಅವಮಾನದ ಕಂಬವಾಗುತ್ತದೆ. ಆರೋಪಿ ಬಿಡುಗಡೆಯಾದ ಮೇಲೆ ಹೆಸರು ಅಳಿಸಬೇಕೆಂದು ಆ ಕಲಮಿನಲ್ಲಿ ಒಂದು ಮಾತೂ ಇಲ್ಲ.

ಇನ್ನೊಂದು ನ್ಯಾಯ ಸಂಹಿತೆಯ 4ನೆಯ ಕಲಂ. ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯನ್ನು ಅದು ತಂದಿದೆ. ಮೊದಲ ಸಲ ಸಿಕ್ಕಿಬಿದ್ದು ಮಾಲು ಹಿಂದಿರುಗಿಸಿದ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವಿಗೆ, ಕುಡಿದು ಗಲಾಟೆ ಮಾಡಿದ್ದಕ್ಕೆ ಜೈಲಿನ ಬದಲು ಊರಿಗೆ ಉಪಯೋಗವಾಗುವ ಕೆಲಸ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸಿಂಗಪುರ 1992ರಲ್ಲೇ ಕಸ ಎಸೆಯುವವರಿಗೆ ಇಂಥ ಶಿಕ್ಷೆ ತಂದು, ದೂರದಿಂದಲೇ ಗುರುತು ಸಿಗುವ ಗಾಢ ಬಣ್ಣದ ಅಂಗಿ ತೊಡಿಸಿ ಬೀದಿ ಗುಡಿಸಲು ಹಚ್ಚಿತು. ನಮ್ಮಲ್ಲಿ ಅಂಗಿ ಬೇಕಿಲ್ಲ, ಬಸ್ ನಿಲ್ದಾಣ ಗುಡಿಸುವವನ ಸುತ್ತ ಹತ್ತು ಮೊಬೈಲುಗಳು ತಾವಾಗಿ ನಿಲ್ಲುತ್ತವೆ. ನ್ಯಾಯಾಧೀಶರು ವಿಧಿಸಿದ್ದು ಗುಡಿಸುವ ಕೆಲಸವನ್ನು ಮಾತ್ರ, ಚಿತ್ರೀಕರಣವನ್ನಲ್ಲ. ಆದೇಶದಲ್ಲೇ ‘ಚಿತ್ರೀಕರಿಸಬಾರದು’ ಎಂಬ ಒಂದು ಸಾಲು ಸೇರಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳ ಗುರುತನ್ನು ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಈಗಾಗಲೇ ಮುಚ್ಚಿಟ್ಟಿದೆ. ಹದಿನೇಳು ವರ್ಷ ಹನ್ನೊಂದು ತಿಂಗಳ ಹುಡುಗನಿಗೆ ಸಿಗುವ ಮರೆ, ಮರುತಿಂಗಳು ಒಂದು ಸಾಬೂನಿನ ಪೆಟ್ಟಿಗೆ ಕದ್ದರೆ ಸಿಗುವುದಿಲ್ಲ.

ಒಮ್ಮೆ ಪ್ರಕಟವಾದದ್ದನ್ನು ಆಮೇಲೆ ಮರೆಮಾಡಬಹುದೇ? 2017ರ ಜನವರಿಯಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ಕೋರ್ಟಿನ ಆದೇಶದಿಂದ ಮರೆಮಾಡಬೇಕೆಂದು ತಂದೆಯೊಬ್ಬರು ಕೇಳಿದ್ದನ್ನು ಮನ್ನಿಸಿದರು. ಕೋರ್ಟ್ ತನ್ನ ಕಾಗದದ ಮೇಲಿನ ಹೆಸರನ್ನು ಮರೆಮಾಡಬಲ್ಲದು. ಸಾವಿರ ಮೊಬೈಲುಗಳಲ್ಲಿ ಇಳಿದು ಕೂತ ವಿಡಿಯೊವನ್ನು ಮರೆಮಾಡಲು ಅದರಿಂದಲೂ ಆಗದು. ಆದ್ದರಿಂದ ಜಾಗ್ರತೆ ಇರಬೇಕಾದದ್ದು ಮೊದಲ ಹೆಜ್ಜೆಯಲ್ಲಿ, ಚಿತ್ರ ಸರ್ಕಾರದ ಕೈಯಿಂದ ಹೊರಗೆ ಹೋಗುವ ಮುಂಚೆ.

ಮತ್ತೆ ಕಸದ ಮಾತಿಗೆ ಬರುತ್ತೇನೆ. ಮಾರ್ಷಲ್ ವಿಡಿಯೊ ಮಾಡಲಿ; ಅದು ಸಾಕ್ಷ್ಯ. ಸಾಕ್ಷ್ಯದ ಜಾಗ ಕಡತ. ದಂಡ ಹಾಕಲಿ, ತಪ್ಪದೆ ಹಾಕಲಿ. ಒಮ್ಮೆ ಸಿಕ್ಕವನಿಗೆ ಭಾರಿ ಅವಮಾನಕ್ಕಿಂತ ಪ್ರತಿ ಸಲ ಸಿಕ್ಕವನಿಗೂ ಸಣ್ಣ ದಂಡ ಹೆಚ್ಚು ನಾಟುತ್ತದೆ. ಎಷ್ಟು ಜನಕ್ಕೆ, ಯಾವ ವಾರ್ಡಿನಲ್ಲಿ, ಎಷ್ಟು ದಂಡ ಎಂಬ ಲೆಕ್ಕವನ್ನು ಫಲಕ ಹಾಕಿ ಪ್ರಕಟಿಸಲಿ. ಆ ಫಲಕದಲ್ಲಿ ಮುಖ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ನಿಮ್ಮ ಊರಿನ ಪುರಸಭೆಗೆ, ಠಾಣೆಗೆ ಮಾಹಿತಿ ಹಕ್ಕಿನಡಿ ಒಂದೊಂದು ಅರ್ಜಿ ಹಾಕಿ. ಸಣ್ಣ ತಪ್ಪು ಮಾಡಿದವರ ಚಿತ್ರಗಳನ್ನು ಯಾವ ಕಾನೂನಿನ ಯಾವ ಕಲಮಿನಡಿ ಪ್ರಕಟಿಸುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಅಳಿಸುವ ಜವಾಬ್ದಾರಿ ಯಾವ ಅಧಿಕಾರಿಯದು ಎಂದು ಕೇಳಿ. ಬಂದ ಉತ್ತರಗಳನ್ನು ಮುಂದಿನ ವರ್ಷ ಈ ದತ್ತಿ ಉಪನ್ಯಾಸ ಮಾಡುವವರ ಕೈಗೆ ಕೊಡಿ. ಅವರಿಗೆ ನನಗಿಂತ ಗಟ್ಟಿಯಾದ ಸಾಮಗ್ರಿ ಸಿಕ್ಕೀತು.